ಗೋ ಗೇಜ್ ಪಾಸ್, ಗುಂಡು ಫೇಲ್: ಅಳಿಯನ ರೈಫಲ್ಲಿನ ಗಂಟಲಾ ಗಿಡ್ಡ ಆಗಿದ್ದ ಕಥಿ

ಮೊದಲ ಒಂದ್ ಮಾತ್ ಹೇಳಿಬಿಡ್ತೀನ್ರಿ. ನಾ ಬಂದೂಕ ಮಾಡಾಂವ ಅಲ್ಲ, ಬೆಳಗಾವಿ ಉದ್ಯಮಬಾಗದಾಗ ರೀಮರ್, ಡ್ರಿಲ್, ಫಾರ್ಮ್ ಟೂಲ್ ಅಂತ ಲೋಹ ಕೊರಿಯೋ ಹತಾರ ಗ್ರೈಂಡ್ ಮಾಡಾಂವ. ಈ ರೈಫಲ್ ಇರೂದು ಅಮೇರಿಕಾದ ಟೆಕ್ಸಾಸ್‌ನ್ಯಾಗ, ಮಾಡಿದಾಂವ ನಮ್ಮ ಅಕ್ಕನ ಮಗ, ಗ್ರೀನ್ ಕಾರ್ಡ್ ಬಂದ ಮ್ಯಾಲೆ ಈ ಹುಚ್ಚ ಹಿಡಿಸ್ಕೊಂಡಾನ. ಅಲ್ಲಿ ಸ್ವಂತಕ್ಕ ರೈಫಲ್ ಜೋಡಸೂದು ಕಾನೂನಿನ್ಯಾಗ ನಡೀತೈತಿ. ಇಲ್ಲಿ ನಡ್ಯಾಂಗಿಲ್ಲ, 1959ರ ಆಯುಧ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದ ಇಡೀ ಬಂದೂಕ ಬಿಡ್ರಿ, ಅದರ ಪಾರ್ಟ್ ಮಾಡಿದ್ರೂ ಜೈಲು. ನಮ್ಮ ಕಡೆ ಹೊಲ ಕಾಯಾಕ ಲೈಸೆನ್ಸ್ ಇಟ್ಕೊಂಡ ಮಂದಿನೂ ಇಲೆಕ್ಷನ್ ಬಂದ್ರ ಬಂದೂಕ ಪೊಲೀಸ್ ಸ್ಟೇಷನ್‌ನ್ಯಾಗ ಇಟ್ಟು ಬರಬೇಕು. ಅದಕ್ಕ ಇದನ್ನ ಓದಿ ಯಾರೂ ಲೇಥ್ ಕಡೆ ನೋಡಬ್ಯಾಡ್ರಿ. ನಾ ಬರಿಯಾಕತ್ತಿದ್ದು ಫಾಲ್ಟ್ ಹೆಂಗ ಸಿಕ್ತು ಅನ್ನೂದರ ಸಲುವಾಗಿ, ಮತ್ತ ನಾ ಮೊದಲ ಎಷ್ಟು ದಡ್ಡತನ ಮಾಡಿದ್ಯಾ ಅನ್ನೂದರ ಸಲುವಾಗಿ.

ರವಿವಾರ ಮುಂಜಾನೆ, ನಾ ಇನ್ನೂ ಚಾ ಕುಡೀಲಿಕ್ಕತ್ತಿದ್ಯಾ, ವಾಟ್ಸಾಪ್ ವಿಡಿಯೋ ಕಾಲ್ ಬಂತು. ಅಲ್ಲಿ ಶನಿವಾರ ರಾತ್ರಿ. ಅಳಿಯನ ಮಾರಿ ಸಣ್ಣದಾಗಿತ್ತು. "ಮಾಮಾ, ಏನೋ ಕೆಟ್ಟೈತಿ" ಅಂದ. ಏನಾಗಿತ್ತಂದ್ರ, ಅಂವ ಒಂದು ಬೋಲ್ಟ್ ಆ್ಯಕ್ಷನ್ ಅಂಗಡ್ಯಾಗ ಕಾಗದಪತ್ರ ಮಾಡಿಸಿ ತಗೊಂಡಾನ (ಗುಂಡು ಒಳಗ ತಳ್ಳಿ ಹಿಂದಿನ ಬಾಯಿ ಮುಚ್ಚೋ, ಕೈಲೆ ಎಳಿಯೋ ಭಾಗಕ್ಕ ಬೋಲ್ಟ್ ಅಂತಾರ), ಬ್ಯಾರಲ್ ಬ್ಯಾರೆ ತರಿಸ್ಯಾನ, ಪಾಯಿಂಟ್ 308 ವಿಂಚೆಸ್ಟರ್ ಅನ್ನೋ ಸೈಜಿನ ಗುಂಡಿಂದು, ಅದರ ಚೇಂಬರ್, ಅಂದ್ರ ಗುಂಡು ಕುಂಡ್ರೋ ಗೂಡು, ಕೊರಿಯಾಕ ರೀಮರ್ ಬಾಡಿಗಿಗೆ ತಂದು ದೋಸ್ತನ ಲೇಥ್ ಮ್ಯಾಲೆ ಎರಡು ರವಿವಾರ ಕುಂತು ತಾನ ಕೊರದಾನ. ಹೌದ್ರಿ, ಅಲ್ಲಿ ರೀಮರ್ ಬಾಡಿಗಿಗೆ ಸಿಗತಾವು, ನಮ್ಮಲ್ಲಿ ಮದವಿಗೆ ಪಾತ್ರಿ ಬಾಡಿಗಿ ತಂದಂಗ. ಮೊದಲ 150 ಗ್ರೇನ್ ತೂಕದ ಗುಂಡಿನ ಒಂದು ಬಾಕ್ಸ್ ಹೊಡದ, 20 ಗುಂಡು, ಏನೂ ತಕರಾರಿಲ್ಲ. ಆಮ್ಯಾಲೆ 168 ಗ್ರೇನಿಂದು ಮ್ಯಾಚ್ ಗುಂಡಿನ ಬಾಕ್ಸ್ ತಗದ. 168 ಗ್ರೇನ್ ಅಂದ್ರ ಸುಮಾರು 10.9 ಗ್ರಾಮ್, ಒಂದು ತೊಲಿಗಿಂತ ಚೂರು ಕಮ್ಮಿ ಅನ್ರಿ. ಬೋಲ್ಟ್ ಕಡೀಗೆ ಕಡೀಗೆ ಬಿಗಿ ಬರಾಕತ್ತು, ಹೊಸ ರೈಫಲ್ ಐತಲ್ಲ, ಸವದ ಸರಿ ಹೋಗತೈತಿ ಅಂತ ಅಂಗೈಲೆ ಒತ್ತಿ ಒತ್ತಿ ಹಾಕಿ 7 ಗುಂಡು ಹೊಡದಾನ. ಎಂಟನೇದು ಒಳಗ ಹಾಕಿ ಬೋಲ್ಟ್ ಮುಚ್ಚಿದಾಗ ರೇಂಜ್‌ನ್ಯಾಗ ಸೀಸ್ ಫೈರ್ ಅಂತ ಕೂಗಿದ್ರು. ಆಗ ಎಲ್ಲಾರೂ ಬೋಲ್ಟ್ ತಗದು ಚೇಂಬರ್ ಖಾಲಿ ತೋರಿಸಿ ಹಿಂದ ಸರೀಬೇಕು. ಇಂವ ಬೋಲ್ಟ್ ಎಳದ. ಪಿತ್ತಾಳಿ ಕೇಸ್ ಅಷ್ಟ ಹೊರಗ ಬಂತು, ಅದರ ತುದೀಗಿದ್ದ ಗುಂಡು ಬ್ಯಾರಲ್‌ನ್ಯಾಗ ಉಳೀತು. ಕೇಸಿನ್ಯಾಗಿದ್ದ ಮದ್ದಿನಪುಡಿ ಸಾಸಿವಿ ಚೆಲ್ಲಿದಂಗ ಬೋಲ್ಟ್ ಕೆಳಗ, ಟ್ರಿಗರ್ ಒಳಗ, ಮ್ಯಾಗಜಿನ್ ಒಳಗ ಎಲ್ಲಾ ಕಡೆ.

"ಹೊಡಿಯೂದು ಬಂದ್ ಮಾಡಿದ್ಯಲ್ಲ?" ಅಂದ್ಯಾ. ಮಾಡಿದ್ದ. ಗುಂಡನ್ನ ಮುಂದಿನ ಬಾಯಿಂದ ಕ್ಲೀನಿಂಗ್ ರಾಡ್ ಹಾಕಿ ಮೆಲ್ಲಕ ತಟ್ಟಿ ಹಿಂದ ತಗದು ಕಿಸೆದಾಗ ಇಟ್ಕೊಂಡಿದ್ದ. ಶ್ಯಾಣ್ಯಾ. ಅದರ ಫೋಟೋ, ಹೊಡದ 7 ಕೇಸಿನ ಫೋಟೋ ಎಲ್ಲಾ ಕಳಿಸಿದ. ಕೇಸಿನ ಬುಡದಾಗ ಮದ್ದಿಗೆ ಕಿಡಿ ಕೊಡೋ ಪ್ರೈಮರ್ ಚಪ್ಪಟಿ ಆಗಿತ್ತು, ಅಂಚು ಉಳಿದಿದ್ದಿಲ್ಲ, ಕಣಕದ ಉಂಡಿ ಅಂಗೈಲೆ ಒತ್ತಿದಂಗ. ಎರಡು ಕೇಸಿನ ಬುಡದಾಗ ಖಾಲಿ ಕೇಸ್ ಹೊರಗ ಚಿಮ್ಮಸೋ ಎಜೆಕ್ಟರಿನ ತೂತಿನ ಗುಂಡನ್ನ ಹೊಳೆಯೋ ಕಲಿ ಬಿದ್ದಿತ್ತು. ಬೋಲ್ಟ್ ಎತ್ತೂದೂ ಬಿಗಿ ಆಗಿತ್ತಂತ. ಇವೆಲ್ಲಾ ಪ್ರೆಶರ್ ಜಾಸ್ತಿ ಆದದ್ದರ ಗುರ್ತು. 308ರ ಮ್ಯಾಕ್ಸಿಮಮ್ ಪ್ರೆಶರ್ 62,000 ಪಿಎಸ್‌ಐ, ನಮ್ಮ ಭಾಷಾದಾಗ 4,270 ಬಾರ್ ಆಸುಪಾಸು. ಇಲ್ಲಿ ನಾವು ಹೈಡ್ರಾಲಿಕ್ ಪವರ್ ಪ್ಯಾಕ್ 210 ಬಾರಿಗೆ ಟೆಸ್ಟ್ ಮಾಡುವಾಗ ಹುಡುಗೂರ್ನ ದೂರ ನಿಲ್ಲಸ್ತೀವಿ. ಅದರ 20 ಪಟ್ಟು, ಅದೂ ಗಲ್ಲಕ್ಕ ಹಚ್ಚಿಕೊಂಡು. ನನಗ ಚಾ ಸೇರಲಿಲ್ಲ.

ಈಗ ನನ್ನ ತಪ್ಪು. ಬೋಲ್ಟ್ ಬಿಗಿ ಅಂದಕೂಡ್ಲೆ ನಾ "ಹೆಡ್‌ಸ್ಪೇಸ್ ಕಮ್ಮಿ ಕೊರದೀಯಪಾ, ಚೇಂಬರ್ ಆಳ ಸಾಲಿಲ್ಲ" ಅಂತ ಡಾಕ್ಟರ್ ಗತೆ ಹೇಳಿಬಿಟ್ಟ್ಯಾ. ಕೇಸಿನ ಭುಜ, ಅಂದ್ರ ಕುತಗಿ ಕೆಳಗಿನ ಇಳಿಜಾರು, ಚೇಂಬರಿನ ಭುಜಕ್ಕ ಮುಟ್ಟಿ ನಿಲ್ಲತೈತಲ್ಲ, ಅಲ್ಲಿಂದ ಬೋಲ್ಟಿನ ಮಾರಿ ತನಕ ಇರೋ ಅಂತರ ಅದು. ಅಂವಗ ಸಿಟ್ಟು ಬಂತು. ಅದನ್ನ ನೋಡಾಕ ಎರಡು ಗೇಜ್ ಇರತಾವು, ಗೋ ಹಾಕಿದ್ರ ಬೋಲ್ಟ್ ಮುಚ್ಚಬೇಕು, ನೋ ಗೋ ಹಾಕಿದ್ರ ಮುಚ್ಚಬಾರದು. ಗೋ ಗೇಜ್ 1.630 ಇಂಚು, ಅಂದ್ರ 41.40 ಮಿ.ಮೀ., ಹಾಕಿದ್ರ ಬೋಲ್ಟ್ ಒಂದ ಬೆರಳಿಲೆ ಮುಚ್ಚತೈತಿ. ನೋ ಗೋ 1.634, 41.50 ಮಿ.ಮೀ., ಹಾಕಿದ್ರ ಮುಚ್ಚಂಗಿಲ್ಲ. ಫೈರಿಂಗ್ ಪಿನ್, ಎಜೆಕ್ಟರ್ ಎರಡೂ ತಗದಿಟ್ಟು ಬರೇ ಬೋಲ್ಟ್ ಹಾಕಿ ವಿಡಿಯೋದಾಗ ತೋರಿಸಿದ, ಹ್ಯಾಂಡಲ್ ತನ್ನ ತೂಕಕ್ಕ ತಾನ ಬೀಳತಿತ್ತು. ಮಾಡಿದ ಕೆಲಸ ಚಂದ ಇತ್ತು, ಅದನ್ನ ಒಪ್ಪಬೇಕು. ಹೆಡ್‌ಸ್ಪೇಸ್ ಅಲ್ಲ.

ಹಂಗಾರ ಕೇಸಿನ ಕುತಗಿ ಉದ್ದ ಆಗಿ ಚೇಂಬರಿನ ತುದಿಗೆ ಬಡಿಯಾಕತ್ತೈತೇನು? ಹಂಗಾದ್ರ ಕುತಗಿ ಗುಂಡನ್ನ ಹಿಚಕತೈತಿ, ಆಗೂ ಪ್ರೆಶರ್ ಏರತೈತಿ. ಕ್ಯಾಲಿಪರ್ ಹಚ್ಚಾಕ ಹೇಳಿದ್ಯಾ. 2.008 ಇಂಚು ಬಂತು, ಮಿತಿ 2.015. ಪಾಸ್. ಕುತಗಿ ಅಡ್ಡಕ್ಕ ಬಿಗಿ ಇರಬಹುದಲ್ಲ ಅಂತ ಇನ್ನೊಂದು. ಅದಕ್ಕ ರೊಕ್ಕ ಇಲ್ಲದ ಪರೀಕ್ಷೆ ಒಂದೈತಿ, ಹೊಡದ ಖಾಲಿ ಕೇಸಿನ ಬಾಯಾಗ ಹೊಸ ಗುಂಡು ಹಾಕಿ ನೋಡೂದು. ಸರ್ರ್ ಅಂತ ಒಳಗ ಬಿತ್ತಂದ್ರ ಹೊಡಿಯುವಾಗ ಕುತಗಿ ಹಿಗ್ಗಾಕ ಜಾಗ ಇತ್ತು ಅಂತ ಅರ್ಥ. ಬಿತ್ತು. ಅದೂ ಪಾಸ್. ಅಂವ "ಬರ್ ಉಳದಿರಬೇಕು ಮಾಮಾ, ಪಾಲಿಶ್ ಹೊಡೀತೀನಿ" ಅಂದ. ಬರ್ ಅಂದ್ರ ಕೊರದ ಕಡೆ ಉಳಿಯೋ ಲೋಹದ ಸಿಬರು. ಬ್ಯಾಡ ಅಂದ್ಯಾ. ಗೊತ್ತಿಲ್ಲದ ಫಾಲ್ಟಿಗೆ ಎಮರಿ ಪೇಪರ್ ಹಚ್ಚಿ ಎಷ್ಟು ಒಳ್ಳೆ ಜಾಬ್ ಸ್ಕ್ರ್ಯಾಪ್ ಮಾಡ್ಯಾರ ಮಂದಿ, ನಮ್ಮ ಶೆಡ್ಡಿನ್ಯಾಗ ಒಂದು ಗೋಣಿ ಚೀಲ ತುಂಬ ಅದಾವು.

ಸೋಮವಾರ ಸಂಜೀಕ ಲೈಟ್ ಹೋಗಿತ್ತು, ಮಷಿನ್ ಬಂದ್, ಸುಮ್ಮ ಕುಂತು ಆ ಗುಂಡಿನ ಫೋಟೋ ದೊಡ್ಡದು ಮಾಡಿ ನೋಡಾಕತ್ಯಾ. ತಾಮ್ರದ ಮೈಮ್ಯಾಲೆ, ಗುಂಡು ಚೂಪಾಗಾಕ ಶುರು ಆಗೋ ಕಡೆ, ನಾಕು ಗೀರು. ಸಮ ಸಮ ಅಂತರದಾಗ. ಒಂದೊಂದು ಮಿಲಿಮೀಟರಿಗಿಂತ ಚೂರು ಉದ್ದ, ಉಗುರಿಲೆ ಬೆಣ್ಣಿ ಕೆರದಂಗ. ಬರ್ ಆಗಿದ್ರ ಒಂದ ಕಡೆ ಕೆರೀತಿತ್ತು, ಗೀರು ಉದ್ದಕ್ಕ ಎಳೀತಿತ್ತು. ಇವು ನಾಕೂ ಒಂದ ಅಳತಿ. ಫೋನ್ ಹಚ್ಚಿ "ನಿನ್ನ ಬ್ಯಾರಲ್ಲಿಗೆ ಗ್ರೂವ್ ಎಷ್ಟದಾವೋ" ಅಂದ್ಯಾ. ನಾಕು ಅಂದ. ಬ್ಯಾರಲ್ ಒಳಗ ಸುರುಳಿಯಾಗಿ ಕೊರದ ಗೆರಿ ಗ್ರೂವ್, ಅವುಗಳ ನಡುವ ಎದ್ದು ನಿಂತದ್ದು ಏಣು, ಎಲ್ಲಾ ಕೂಡಿ ರೈಫ್ಲಿಂಗ್. ನಾಕು ಗ್ರೂವ್ ಅಂದ್ರ ನಾಕು ಏಣು, ನಾಕು ಗೀರು.

ಆಗ ನನಗ ಹಳೇದೊಂದು ನೆನಪಾತು. ಮೂರು ವರ್ಷದ ಹಿಂದ ಒಂದು ಹೈಡ್ರಾಲಿಕ್ ವಾಲ್ವ್ ಬ್ಲಾಕಿನ ಜಾಬ್, ಕಾರ್ಟ್ರಿಜ್ ವಾಲ್ವ್ ಕುಂಡ್ರೋ ಕ್ಯಾವಿಟಿಗೆ ಫಾರ್ಮ್ ಟೂಲ್ ನಾನ ಗ್ರೈಂಡ್ ಮಾಡಿ ಕೊಟ್ಟಿದ್ಯಾ. ಡಯಾ ಪಾಸ್, ಆಳ ಪಾಸ್, ಪ್ಲಗ್ ಗೇಜ್ ಗೋ ನೋ ಗೋ ಎಲ್ಲಾ ಪಾಸ್, ಆದ್ರ ಅಸೆಂಬ್ಲಿದಾಗ ಒ ರಿಂಗ್ ಕಟ್ ಆಗತಿದ್ದವು. ವಾರಗಟ್ಲೆ ರಬ್ಬರ್ ಕೆಟ್ಟದ್ದು ಅಂತ ಜಗಳ ಆಡೀವಿ. ಕಡೀಗೆ ನೋಡಿದ್ರ ಮತ್ತ ಮತ್ತ ಶಾರ್ಪ್ ಮಾಡಿದ್ದರಾಗ ಒಳಗ ಹೋಗೋ ಇಳಿಜಾರಿನ ಚ್ಯಾಂಫರ್ ಗಿಡ್ಡ ಆಗಿ ಹೋಗಿತ್ತು. ಗೇಜಿಗೆ ಒ ರಿಂಗ್ ಇರಂಗಿಲ್ಲಲ್ಲ, ಅದು ಹೆಂಗ ಹೇಳೀತು?

ಇಲ್ಲೂ ಅದ. ಗೋ ಗೇಜಿಗೆ ಮೂಗೇ ಇಲ್ರಿ. ಅದು ಕೇಸಿನ ಭುಜದ ತನಕ ಇರೋ ಒಂದು ಉಕ್ಕಿನ ತುಂಡು, ಗುಂಡು ಚಾಚಿಕೊಂಡಿರೋ ಜಾಗ ಅದು ಮುಟ್ಟಾಂಗೇ ಇಲ್ಲ. ಅಲ್ಲೇ ಫಾಲ್ಟ್ ಇದ್ರ ಗೇಜ್ ಸಾವಿರ ಸಲ ಪಾಸ್ ಆಗತೈತಿ.

ಚೇಂಬರಿನ ಕುತಗಿ ಮುಗಿದ ಮ್ಯಾಲೆ ರೈಫ್ಲಿಂಗ್ ಶುರು ಆಗೋ ನಡುವ ಒಂದು ತುಂಡು ಜಾಗ ಇರತೈತಿ, ಅದಕ್ಕ ಥ್ರೋಟ್ ಅಂತಾರ, ಗಂಟಲಾ. ಅದರಾಗ ಎರಡು ಭಾಗ. ಮೊದಲನೇದು ಫ್ರೀಬೋರ್, ಏಣು ಇಲ್ಲದ ಗುಂಡಗಿನ ನುಣುಪು ದಾರಿ, ಗುಂಡಿನ ಮೈಗಿಂತ ಕೂದಲೆಳಿ ದೊಡ್ಡದು. ಆಮ್ಯಾಲೆ ಲೀಡ್, ಅಲ್ಲಿ ರೈಫ್ಲಿಂಗಿನ ಏಣು ಒಂದೂವರೆ ಎರಡು ಡಿಗ್ರಿ ಇಳಿಜಾರಿನ್ಯಾಗ ಮೆಲ್ಲಕ ಎದ್ದು ನಿಲ್ಲತಾವು. ಗುಂಡು ಕೇಸ್ ಬಿಟ್ಟು ಆ ಫ್ರೀಬೋರಿನ್ಯಾಗ ಚೂರು ಓಡಿ ಆಮ್ಯಾಲೆ ಏಣಿಗೆ ಹಲ್ಲು ಕೊಡಬೇಕು. ಗಂಟಲಾ ಗಿಡ್ಡ ಇದ್ರ ಗುಂಡಿಗೆ ಓಡಾಕ ಜಾಗ ಇಲ್ಲ, ಬೋಲ್ಟ್ ಒತ್ತಿದಾಗ ಏಣಿನ್ಯಾಗ ಸಿಕ್ಕೊಂಡ ನಿಲ್ಲತೈತಿ, ಇಲ್ಲಾ ಹಿಂದ ಕೇಸಿನೊಳಗ ತಳ್ಳತೈತಿ, ಇವಂದ್ರಾಗ ಎರಡೂ ಆಗ್ಯಾವು. ಮದ್ದು ಹೊತ್ತಿದ ಕ್ಷಣದಾಗ ಗುಂಡು ಸರಿಯಾಕ ಒಪ್ಪಂಗಿಲ್ಲ, ಕೇಸಿನೊಳಗಿನ ಜಾಗಾನೂ ಕಮ್ಮಿ ಆಗಿರತೈತಿ, ಪ್ರೆಶರ್ ನೆತ್ತಿಗೇರತೈತಿ. 150 ಗ್ರೇನ್ ಯಾಕ ಪಾಸ್ ಆತು? ಅದು ಗಿಡ್ಡ ಗುಂಡು, ಅದರ ಹೆಗಲು, ಅಂದ್ರ ಚೂಪಾಗಾಕ ಶುರು ಆಗೋ ಜಾಗ, ಕೇಸಿನ ಬಾಯಿಗೆ ಹತ್ತಿರ ಇತ್ತು, ಏಣಿನ ತನಕ ಹೋಗಲೇ ಇಲ್ಲ. ಈ ಪ್ರಶ್ನೆ ನಾ ಮೊದಲ ದಿನಾನ ಕೇಳಬೇಕಿತ್ತು, ಒಂದು ಗುಂಡು ಸರಳ ಹೋಗಿ ಇನ್ನೊಂದು ಬಿಗಿ ಬಂದ್ರ ಎರಡರಾಗ ಏನ್ ಬ್ಯಾರೆ ಐತಿ ಅಂತ. ಎರಡೂ ಬಾಕ್ಸಿನ ಕೇಸ್ ಒಂದ, ಬ್ಯಾರೆ ಇದ್ದದ್ದು ಗುಂಡು ಅಷ್ಟ.

ಅನುಮಾನ ಬಂತು ಸರಿ, ಅಳತಿ ಬೇಕಲ್ಲ. ಅಂವಗ ಗುಂಡು ಕೈಲೆ ತುಂಬಾಕ ಬರಂಗಿಲ್ಲ, ರೇಂಜಿನ್ಯಾಗ ಒಬ್ಬ ವಯಸ್ಸಾದ ಅಜ್ಜ ಗೆಳ್ಯಾ ಇದ್ದಾನ, ಅವನ ಕಡಿಂದ ಪ್ರೈಮರ್ ಇಲ್ಲದ, ಮದ್ದು ಇಲ್ಲದ ಡಮ್ಮಿ ಮಾಡಿಸಿದ. ಮೊದಲನೇದು ಕಂಪನಿ ಗುಂಡಿನಷ್ಟ ಉದ್ದದ್ದು, 2.800 ಇಂಚು, 71.12 ಮಿ.ಮೀ. ಅದರ ಗುಂಡಿಗೆ ಕರೀ ಮಾರ್ಕರ್ ಬಳದು ಒಳಗ ಹಾಕಿ ಬೋಲ್ಟ್ ಮುಚ್ಚಿ ಮೆಲ್ಲಕ ತಗದ. ನಾಕು ಬೆಳ್ಳನ್ನ ಗೀರು, ಕರೀ ಬಣ್ಣ ಕಿತ್ತು ತಾಮ್ರ ಕಾಣಾಕತ್ತಿತ್ತು. ಎರಡನೇ ಡಮ್ಮಿಗೆ ಕೇಸಿನ ಕುತಗಿ ಹ್ಯಾಕ್ಸಾ ಬ್ಲೇಡಿಲೆ ಉದ್ದಕ ಸೀಳಿಸಿದ್ಯಾ, ಯಾಕಂದ್ರ ಸೀಳಿದ ಕುತಗಿ ಗುಂಡನ್ನ ಹಗೂರ ಹಿಡೀತೈತಿ, ಉದ್ದ ಬಿಟ್ಟು ಒಳಗ ಹಾಕಿದ್ರ ಏಣಿಗೆ ಮುಟ್ಟಿದ ಕಡೆ ನಿಂತು ಹಿಂದ ಸರೀತೈತಿ, ಹೊರಗ ತಗದು ಅಳದ್ರ ಗಂಟಲಾದ ಅಳತಿ ಸಿಕ್ತು.

ಇಲ್ಲಿ ಅಳಿಯಾ ಒಂದು ಎಡವಟ್ಟು ಮಾಡಿದ. ಗುಂಡಿನ ಮೂತಿಂದ ಅಳದ. ಐದು ಸಲ ಅಳದ್ರ ಐದು ಲೆಕ್ಕ, 15 ಥೌ ತನಕ ಫರಕ್. ಥೌ ಅಂದ್ರ ಇಂಚಿನ ಸಾವಿರದಾಗ ಒಂದು ಭಾಗ, 25 ಮೈಕ್ರಾನ್. ಮ್ಯಾಚ್ ಗುಂಡಿನ ಮೂತಿ ಮುರದ ಕಡ್ಡಿ ಗತೆ ಒಂದೊಂದು ಒಂದೊಂದು ತರ ಇರತೈತಿ, ಏಣಿಗೆ ಮುಟ್ಟೂದು ಮೂತಿ ಅಲ್ಲ, ಹೆಗಲು. ಅದಕ್ಕ ಒಂದು ಹಿತ್ತಾಳಿ ನಟ್ ತಗೊಂಡು ನಡುವ 7.62 ಮಿ.ಮೀ. ತೂತು ಹೊಡಿ, ಅದನ್ನ ಗುಂಡಿನ ಮೂತಿಗೆ ಟೊಪಗಿ ಗತೆ ಹಾಕಿ, ಕೇಸಿನ ಬುಡದಿಂದ ನಟ್ಟಿನ ಮ್ಯಾಲಿನ ತನಕ ಅಳಿ ಅಂದ್ಯಾ. ರೆಡಿಮೇಡ್ ಸಿಗತೈತಿ ಮಾಮಾ ಅಂದ, ಬರೂತನಕ ನಾಕು ದಿನ ಆಗತೈತಿ, ನಿನ್ನ ದೋಸ್ತನ ಲೇಥ್ ಐತಲ್ಲ ಅಂದ್ಯಾ. ನಟ್ ಹಾಕಿ ಅಳದ ಮ್ಯಾಲೆ ಐದೂ ಸಲ 3 ಥೌ ಒಳಗ ಬಂತು.

ಕಂಪನಿ ಗುಂಡಿನ ಮುಂದ ಹಿಡದು ಲೆಕ್ಕ ಹಾಕಿದ್ರ ಗುಂಡು ಏಣಿಗೆ ಮುಟ್ಟೋ ಉದ್ದ 2.745 ಇಂಚು. ಬಾಕ್ಸಿನ ಗುಂಡು 2.800. ಅಂದ್ರ 55 ಥೌ, 1.4 ಮಿ.ಮೀ. ಹೆಚ್ಚಿಗಿ. ಬೋಲ್ಟ್ ಒತ್ತಿದಾಗೆಲ್ಲಾ ಆ 1.4 ಮಿ.ಮೀ.ನ ಅಂವ ಅಂಗೈಲೆ ತುರಕಾಕತ್ತಿದ್ದ. 308ಕ್ಕ ಕಾಗದದ ಪ್ರಕಾರ 2.810 ತನಕ ಉದ್ದ ಇರೋ ಗುಂಡು ಆರಾಮ ಹೋಗಬೇಕು.

"ರೀಮರ್ ಜೋಡಿ ಡ್ರಾಯಿಂಗ್ ಬಂದಿತ್ತೇನು?" ಬಂದಿತ್ತು. ಬಾಕ್ಸಿನ ಮುಚ್ಚಳದ ಒಳಗ ಮಡಚಿ ಇಟ್ಟಿದ್ರಂತ. ಅಂವ ಕುತಗಿ ಡಯಾ ನೋಡಿದ್ದ, ಭುಜದ ಕೋನ ನೋಡಿದ್ದ, ಅಷ್ಟ. ಫೋಟೋ ಕಳಿಸಿದ, ನಾ ಬೆರಳಿಲೆ ಹಿಗ್ಗಿಸಿ ನೋಡಿದ್ಯಾ, ಫ್ರೀಬೋರ್ ಉದ್ದ ಅಂತ ಬರದಿದ್ದ ಕಡೆ 0.015. ಅರ್ಧ ಮಿಲಿಮೀಟರೂ ಇಲ್ಲ! ಇಂಥಾ ರೀಮರ್ ಕೆಟ್ಟದ್ದಲ್ರಿ, ಟಾರ್ಗೆಟ್ ಹೊಡೆಯೋ ಮಂದಿ ಬೇಕಂತಲೇ ಹಿಂಗ ಗ್ರೈಂಡ್ ಮಾಡಿಸ್ತಾರ, ತಮ್ಮ ಗುಂಡು ತಾವ ತುಂಬಿ ಏಣಿಗೆ ಹತ್ತಿರ ನಿಲ್ಲಿಸಿ ಹೊಡೀತಾರ, ಇಲ್ಲಾ ಮೊದಲ ಗಿಡ್ಡ ಕೊರದು ಆಮ್ಯಾಲೆ ತಮಗ ಬೇಕಾದಷ್ಟು ಗಂಟಲಾ ಬ್ಯಾರೆ ರೀಮರಿಲೆ ಉದ್ದ ಮಾಡ್ತಾರ. ಬಾಡಿಗಿ ಕೊಟ್ಟವರದ್ದು ತಪ್ಪಿಲ್ಲ, ಕಾಗದ ಇಟ್ಟ ಕಳಿಸಿದ್ರು. ಓದಬೇಕಾದಾಂವ ಓದಲಿಲ್ಲ. ನಾ ಬೈದ್ಯಾ, ಆಮ್ಯಾಲೆ ನನ್ನ ವಾಲ್ವ್ ಕ್ಯಾವಿಟಿ ನೆನಪಾಗಿ ಬೈಯೂದು ನಿಲ್ಲಿಸಿದ್ಯಾ.

ಪುರಾವೆ ಇಷ್ಟಿದ್ರೂ ಒಂದು ಕಣ್ಣಿಲೆ ನೋಡಿ ಬಿಡೂಣು ಅಂತ ಚೇಂಬರಿನ ಅಚ್ಚು ತಗಿಸಿದ್ಯಾ. ಅದಕ್ಕ ಸೆರೊಸೇಫ್ ಅಂತ ಬಿಸ್ಮತ್ ಮಿಶ್ರಲೋಹ ಬರತೈತಿ, 70ರಿಂದ 88 ಡಿಗ್ರಿ ಸೆಲ್ಸಿಯಸ್‌ನ್ಯಾಗ ಕರಗತೈತಿ, ಕುದಿಯೋ ನೀರಿನ ಪಾತ್ರಿದಾಗ ಇಟ್ರೂ ಸಾಕು. ಬ್ಯಾರಲ್ ಒಳಗ ಚಿಂದಿ ತುರಕಿ ಚೇಂಬರಿನ್ಯಾಗ ಹೊಯ್ಯೂದು. ಇದರದ್ದು ಒಂದು ವಿಚಿತ್ರ ಗುಣ, ಮೊದಲ ಅರ್ಧ ತಾಸು ಕುಗ್ಗತೈತಿ, ಆಗ ಹೊರಗ ತಗೀಬೇಕು. ಆಮ್ಯಾಲೆ ಮೆಲ್ಲಕ ಹಿಗ್ಗಿ ಒಂದು ತಾಸಿನ ಸುಮಾರಿಗೆ ಚೇಂಬರಿನ ಖರೇ ಅಳತಿಗೆ ಬರತೈತಿ, ಆಗ ಅಳೀಬೇಕು. ದಿನಗಟ್ಲೆ ಬಿಟ್ರ ಮತ್ತೂ ಹಿಗ್ಗತೈತಿ. ನಮ್ಮ ಫೌಂಡ್ರಿ ಮಂದಿಗೆ ಹೇಳಿದ್ರ ನಂಬಲಿಲ್ಲ, ಎರಕ ಅಂದಮ್ಯಾಲೆ ಕುಗ್ಗಬೇಕು, ಮ್ಯಾಲೆ ಮತ್ತ ಹಿಗ್ಗೂದು ಎಂಥದು ಅಂತ ನಕ್ರು.

ಅಚ್ಚಿನ್ಯಾಗ ಎಲ್ಲಾ ನಿಚ್ಚಳ ಕಂಡಿತು. ಕುತಗಿ ಮುಗದ ಮೆಟ್ಟಲಾ, ಅದರ ಬೆನ್ನಿಗೇ ಹಚ್ಚಿ ಏಣಿನ ಗುರ್ತು. ನಡುವ ಇರಬೇಕಾದ ನುಣುಪು ಪಟ್ಟಿ ಉಗುರಿನ ಅಂಚಿನಷ್ಟ ಇತ್ತು. ಅದನ್ನ ನನಗ ಕಳಸ್ತೀನಿ ಅಂದ, ಅಕ್ಕ ಅಲ್ಲೇ ಇದ್ಲು, ಮುಂದಿನ ವಾರ ಬೆಳಗಾವಿಗೆ ಬರಾಕಿ ಇದ್ಲು. ಏ ಹುಚ್ಚಾ, ಅದು ಸ್ಕ್ಯಾನರಿನ್ಯಾಗ ಥೇಟ್ ಕಾಡತೂಸ್ ಕಂಡಂಗ ಕಾಣತೈತಿ, ನಿಮ್ಮವ್ವನ್ನ ಏರ್‌ಪೋರ್ಟಿನ್ಯಾಗ ಕುಂಡ್ರಿಸಿ ಪ್ರಶ್ನೆ ಕೇಳಿದ್ರ ಸಾಂಬ್ರಾದಾಗ ಹಾರ ಹಿಡ್ಕೊಂಡ ನಿಂತ ನಮ್ಮ ಗತಿ ಏನು ಅಂದ್ಯಾ. ಅಳದು ಫೋಟೋ ತಗದು ಕರಗಿಸಿಬಿಟ್ಟ.

ರಿಪೇರಿ ಎರಡು ದಾರಿ ಇತ್ತು. ಒಂದು, ಗುಂಡು ಕೇಸಿನೊಳಗ ಆಳ ಕುಂಡ್ರಿಸಿ ತುಂಬಿ ಹೊಡಿಯೂದು. ಇದು ನನಗ ಒಪ್ಪಿಗಿ ಇದ್ದಿಲ್ಲ. ಕೇಸಿನ ಜಾಗ ಕಮ್ಮಿ ಆಗತೈತಿ, ಅದಕ್ಕಿಂತ ಹೆಚ್ಚಿಗಿ, ಬ್ಯಾರಲ್ ಮ್ಯಾಲೆ 308 ಅಂತ ಬರದೈತಿ, ನಾಳೆ ಯಾರಿಗರೇ ಮಾರಿದ ಅಂದ್ರ ಅಂವ ಅಂಗಡಿ ಗುಂಡು ತುರಕತಾನ. ಇನ್ನೊಂದು, ಗಂಟಲಾ ಉದ್ದ ಮಾಡೂದು. ಅದಕ್ಕ ಬರೇ ಥ್ರೋಟ್ ಕೊರಿಯೋ ಸಣ್ಣ ರೀಮರ್ ಬ್ಯಾರೆ ಇರತೈತಿ, ಚೇಂಬರಿನ ಭುಜ, ಕುತಗಿ ಯಾವುದಕ್ಕೂ ಹಲ್ಲು ಹಚ್ಚಂಗಿಲ್ಲ, ಹಂಗಾಗಿ ಹೆಡ್‌ಸ್ಪೇಸ್ ಇದ್ದಂಗ ಇರತೈತಿ. ಅದನ್ನ ನಾನ ಮಾಡ್ತೀನಿ ಅಂತ ಕುಣದ. ನಾ ಬಿಡಲಿಲ್ಲ. ಹೆಚ್ಚಿಗಿ ಕೊರದ ಲೋಹ ತಿರುಗಿ ಬರಂಗಿಲ್ಲ, ಮತ್ತ 7 ಗುಂಡು ಓವರ್ ಪ್ರೆಶರಿನ್ಯಾಗ ಹೊಡದಾನ, ಬೋಲ್ಟನ್ನ ಗಟ್ಟಿ ಹಿಡಿಯೋ ಹಲ್ಲು, ಅಂದ್ರ ಲಗ್, ಸೀಳು ಬಿಟ್ಟಾವೋ ಏನೋ ಯಾರರೇ ಗೊತ್ತಿದ್ದವರು ನೋಡಬೇಕು. ಅಲ್ಲಿಯ ಲೈಸೆನ್ಸ್ ಇದ್ದ ಗನ್‌ಸ್ಮಿತ್ ಕಡೆ ಒಯ್ಯಾಕ ಹಚ್ಚಿದ್ಯಾ.

ಆ ಮನಷ್ಯಾ ಮೊದಲ ಬ್ಯಾರಲ್ ಒಳಗ ನೋಡೋ ಬೋರ್‌ಸ್ಕೋಪ್ ಹಾಕಿ ಬರ್ ಇಲ್ಲ ಅಂತ ಖಾತ್ರಿ ಮಾಡ್ಕೊಂಡ, ಲಗ್ ನೋಡಿದ, ಸರಿ ಅದಾವು ಅಂದ. ಆಮ್ಯಾಲೆ ರೀಮರನ್ನ ಬೋರಿನ ನಡುವ ನೆಟ್ಟಗ ಹಿಡಿಯೋ ಪೈಲಟ್ ಬುಶ್ ಆರಿಸಾಕ ಹೊತ್ತು ಹಾಕಿದ, 5 ಮೈಕ್ರಾನ್ ಅಂತರದಾಗ ಸಾಲಿಗೆ ಇರತಾವಂತ, ಒಂದು ಸಡಲ ಆತು, ಮುಂದಿಂದು ಬಿಗಿ ಆತು, ಮತ್ತ ಹಿಂದ ಬಂದ. ಇದನ್ನ ಕೇಳಿದ ಮ್ಯಾಲೆ ನನಗ ಅವನ ಮ್ಯಾಲೆ ಭರೋಸಾ ಬಂತು. ಕೊರಿಯೂದು ಕೈಲೇ, ಟಿ ಹ್ಯಾಂಡಲಿಲೆ, ಎಣ್ಣಿ ಹಾಕಿ, ಸ್ಟಾಪ್ ಕಾಲರ್ ಹಚ್ಚಿ. ಒಂದೊಂದು ಸಲ 10 ಥೌ ಕೊರಿಯೂದು, ಚೂರು ಒರಸೂದು, ಸೀಳಿದ ಡಮ್ಮಿ ಹಾಕಿ ಅಳಿಯೂದು. ಹಿಂಗ ಒಂಬತ್ತು ಸಲ. ಕಡೀದು ಎರಡು ಸಲ ಬರೇ ಮೂರ್ಮೂರು ಥೌ ಅಷ್ಟ ತಗದ ಅಂತ ಅಳಿಯಾ ಹೇಳಿದ.

ಮುಗಿದ ಮ್ಯಾಲೆ ಏಣಿಗೆ ಮುಟ್ಟೋ ಉದ್ದ 2.821 ಬಂತು. ಮಾರ್ಕರ್ ಬಳದ ಡಮ್ಮಿ ಹಾಕಿ ತಗದ್ರ ಕರೀ ಬಣ್ಣ ಹಾಕಿದಂಗ ಹೊರಗ. ಗೋ, ನೋ ಗೋ ಮೊದಲಿನ ಗತೆ. ಮುಂದಿನ ಶನಿವಾರ ಅದ 168ರ ಬಾಕ್ಸಿನ್ಯಾಗ ಉಳದಿದ್ದ 12 ಗುಂಡು ಒಂದೊಂದ ಹೊಡದು ಒಂದೊಂದ ಕೇಸ್ ನೋಡ್ಯಾನ, ಪ್ರೈಮರ್ ಅಂಚು ದುಂಡಗ ಉಳದಾವು, ಬೋಲ್ಟ್ ಎರಡು ಬೆರಳಿಲೆ ಏಳತೈತಿ. 150 ಗ್ರೇನ್ ಗುಂಡು ಮಾತ್ರ ಮೊದಲಿಗಿಂತ ಚೂರು ಚದುರಾಕತ್ತಾವಂತ, ಅವಕ್ಕ ಈಗ ಓಡೋ ದಾರಿ ಉದ್ದ ಆತಲ್ಲ. ಅದನ್ನ ಅಂವ ಇನ್ನೂ ಗೊಣಗತಾನ.

ಅಕ್ಕ ಬಂದ್ಲು. ಬ್ಯಾಗಿನ್ಯಾಗ ಬದಾಮಿ, ಚಾಕೊಲೇಟ್ ನಡುವ ಒಂದು ಸಣ್ಣ ಪ್ಲಾಸ್ಟಿಕ್ ಪಾಕೀಟು, ಅದರಾಗ ಆ ಹಿತ್ತಾಳಿ ನಟ್. "ನಿಮ್ಮ ಅಳಿಯಾ ಕೊಟ್ಟಾನ, ಇದೇನ್ ಬಂಗಾರೇನೋ" ಅಂದ್ಲು. ಮರುದಿನ ಶೆಡ್ಡಿಗೆ ಒಯ್ದು ಪಿನ್ ಗೇಜ್ ಹಾಕಿ ನೋಡಿದ್ಯಾ. 7.62 ಹೇಳಿದ್ಯಾ, 7.68 ಹೊಡದಾನ, ಅದೂ ಚೂರು ಓರೆ. ಮೊದಲೂ ಕಡೀಗೂ ಅದ ನಟ್ಟಿಲೆ ಅಳದದ್ದಕ್ಕ ಲೆಕ್ಕ ಕೆಟ್ಟಿಲ್ಲ, ಬ್ಯಾರೆ ನಟ್ ಹಾಕಿದ್ರ ಎರಡನೇ ಅಳತಿ ಹಾಳಾಗತಿತ್ತು. ಅಂವಗ ಇದನ್ನ ಇನ್ನೂ ಹೇಳಿಲ್ಲ.